‘ಒಸಿ’ ಬಿಟ್ಟು ‘ಸ್ವಲ್ಪ’ ಅಂದ್ಮೇಲೆ ವ್ಯೂಸ್ ಡಬಲ್ ಆಯ್ತು, ಆದ್ರೆ ನನ್ ವಿಡಿಯೋ ನಾನೇ ನೋಡಕ್ಕಾಗ್ತಿಲ್ಲ

ಪ್ರಶ್ನೆ (ಉದ್ದದ ಪತ್ರದಿಂದ ಆಯ್ದ ಭಾಗ): ಸರ್, ನಮ್ದು ಮಳವಳ್ಳಿ ಹತ್ರ ಒಂದು ಹಳ್ಳಿ. ಮೂರ್ನಾಲ್ಕು ವರ್ಷದಿಂದ ಅಜ್ಜಿ ಜೊತೆ ಅಡುಗೆ ವಿಡಿಯೋ ಹಾಕ್ತಿದೀನಿ. ಹಿಟ್ಟು (ರಾಗಿ ಮುದ್ದೆ), ಬಸ್ಸಾರು, ಉಪ್ಸಾರು, ನಡುವೆ ಒಂದೆರಡು ಆಲೆಮನೆ ವಿಡಿಯೋ. ಮೊದ್ಲು ನಮ್ಮೂರ್ ಭಾಷೇಲೇ ಮಾತಾಡ್ತಿದ್ದೆ. ಮೈಸೂರಲ್ಲಿ ಒಬ್ರು ‘ನೀಟಾಗಿ ಮಾತಾಡಿ, ಇಲ್ಲಾಂದ್ರೆ ಚಾನೆಲ್ ಬೆಳೆಯಲ್ಲ’ ಅಂದ್ರು ಅಂತ 2025ರ ಯುಗಾದಿಯಿಂದ ಬದಲಾಯಿಸ್ಕೊಂಡೆ. ಒಂದೇ ತಿಂಗಳಲ್ಲಿ ಶಾರ್ಟ್ಸ್ ವ್ಯೂಸ್ ಡಬಲ್ ಆಯ್ತು. ಆದ್ರೆ ಹಳೇ ಜನ ‘ಯಾಕಕ್ಕಾ ಹಿಂಗಾದೆ’ ಅಂತಾರೆ, ನಂಗೂ ನನ್ ವಿಡಿಯೋ ನೋಡಕ್ಕಾಗ್ತಿಲ್ಲ. ಈಗ ಒಂದು ಬೆಲ್ಲದ ಪುಡಿ ಕಂಪ್ನಿಯವ್ರು ಸ್ಕ್ರಿಪ್ಟ್ ಕಳ್ಸಿದಾರೆ, ‘ನಮ್ಮಜ್ಜಿ ಇದನ್ನೇ ಬಳಸೋದು’ ಅನ್ಬೇಕಂತೆ. ಅಜ್ಜಿ ನೋಡಿದ್ರೆ ಇತ್ತೀಚೆಗೆ ಕ್ಯಾಮೆರಾ ಕಂಡ್ರೆ ಒಳಗೆ ಹೋಗ್ಬುಡ್ತಾರೆ. ನನ್ನತನಾನೂ ಉಳಿಸ್ಕೊಂಡು ಚಾನೆಲ್ಲೂ ಉಳಿಸ್ಕೊಳಕ್ಕೆ ಆಗುತ್ತಾ?

ಉತ್ತರ: ನೋಡಮ್ಮ, ನಿಮ್ ಪತ್ರ ಬಂದ್ಮೇಲೆ ಎರಡು ದಿನ ಕೂತು ಹಳೇದು ಒಂದಿಪ್ಪತ್ತು, ಹೊಸಾದು ಒಂದಿಪ್ಪತ್ತು ವಿಡಿಯೋ ನೋಡ್ದೆ. ನಾನು ಮೈಸೂರಲ್ಲಿ ಎಡಿಟಿಂಗ್ ಮಾಡ್ಕೊಂಡಿರೋನು, ಮೊದ್ಲು ಮದುವೆ ವಿಡಿಯೋ, ಆಮೇಲೆ ಯೂಟ್ಯೂಬ್‌ನೋರ್ದು, ಹಂಗಾಗಿ ಬೇರೆಯೋರ ಮುಖಾನ ಅವ್ರಿಗಿಂತ ಜಾಸ್ತಿ ನೋಡಿರೋ ಜಾತಿ ನಮ್ದು. ಅದಕ್ಕೇ ಸಮಾಧಾನದ ಮಾತು ಆಮೇಲೆ ಇಟ್ಕೊಂಡು ಮೊದ್ಲು ಲೆಕ್ಕದ ಮಾತು ಹೇಳ್ತೀನಿ, ಯಾಕಂದ್ರೆ ನೀವು ಮೋಸ ಹೋಗಿರೋದು ಅಲ್ಲೇ.

2025ರಲ್ಲಿ ಯುಗಾದಿ ಬಂದಿದ್ದು ಮಾರ್ಚ್ 30, ಭಾನುವಾರ. ನೀವು ನೀಟ್ ಕನ್ನಡ ಶುರು ಮಾಡಿದ್ದು ಅವತ್ತಿಂದ. ಸರಿಯಾಗಿ ಮಾರನೇ ದಿನ, ಮಾರ್ಚ್ 31ಕ್ಕೆ, ಯೂಟ್ಯೂಬ್‌ನೋರು ಶಾರ್ಟ್ಸ್ ವ್ಯೂಸ್ ಎಣಿಸೋ ರೀತೀನೇ ಬದಲಾಯಿಸಿದ್ರು. ಅದಕ್ಕೂ ಮುಂಚೆ ಒಬ್ರು ಇಂತಿಷ್ಟು ಸೆಕೆಂಡಾದ್ರೂ ನೋಡಿದ್ರೆ ಮಾತ್ರ ಅದು ಒಂದು ವ್ಯೂ. ಅವತ್ತಿಂದ ಹಂಗಿಲ್ಲ, ವಿಡಿಯೋ ಓಡಕ್ಕೆ ಶುರು ಆದ್ರೂ ಒಂದು, ಮುಗಿದು ಮತ್ತೆ ಮೊದ್ಲಿಂದ ಓಡಿದ್ರೆ ಇನ್ನೊಂದು, ಬಸ್ಸಲ್ಲಿ ಕೂತಿರೋನು ಹೆಬ್ಬೆರಳಲ್ಲಿ ಸರ್ರಂತ ತಳ್ಕೊಂಡು ಹೋದ್ರೂ ಲೆಕ್ಕಕ್ಕೆ ಬರುತ್ತೆ. ಆ ತಿಂಗ್ಳು ನನ್ ಹತ್ರ ಕೆಲ್ಸ ಕೊಡೋ ಎಲ್ರ ಶಾರ್ಟ್ಸೂ ಏರಿತ್ತು ಕಣಮ್ಮ. ಮೊಬೈಲ್ ರಿಪೇರಿ ವಿಡಿಯೋ ಮಾಡೋ ಹುಡುಗನ್ದೂ ಏರಿತ್ತು, ವಾರ ಭವಿಷ್ಯ ಹೇಳೋರ್ದೂ ಏರಿತ್ತು. ಅವ್ರ್ಯಾರೂ ಭಾಷೆ ನೀಟ್ ಮಾಡ್ಕೊಂಡಿರ್ಲಿಲ್ಲ.

ನಂಬಿಕೆ ಬರ್ಲಿಲ್ಲಾಂದ್ರೆ ಯೂಟ್ಯೂಬ್ ಸ್ಟುಡಿಯೋ ಆಪ್ ಓಪನ್ ಮಾಡಿ, ಅನಲಿಟಿಕ್ಸಲ್ಲಿ ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ ‘ಎಂಗೇಜ್ಡ್ ವ್ಯೂಸ್’ ಅಂತ ಇರೋ ಲೆಕ್ಕ ನೋಡಿ. ಹಳೇ ರೀತಿ ಎಣಿಕೆ ಅಲ್ಲಿದೆ. ದುಡ್ಡು ಬರೋದೂ, ಪಾರ್ಟ್ನರ್ ಪ್ರೋಗ್ರಾಂ (ಜಾಹೀರಾತು ದುಡ್ಡಲ್ಲಿ ಪಾಲು ಕೊಡೋ ಯೋಜನೆ) ಅರ್ಹತೆ ನೋಡೋದೂ ಅದ್ರ ಮೇಲೇನೇ, ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಕಾಣೋ ನಂಬರ್ ಮೇಲಲ್ಲ. ಯುಗಾದಿಗೆ ಮುಂಚಿನ ಮೂರು ತಿಂಗ್ಳು, ಆಮೇಲಿನ ಮೂರು ತಿಂಗ್ಳು ಪಕ್ಕಪಕ್ಕ ಇಟ್ಕೊಳ್ಳಿ. ಜೊತೆಗೆ ಆಡಿಯನ್ಸ್ ಟ್ಯಾಬಲ್ಲಿ ಹೊಸಬ್ರು ಎಷ್ಟು, ವಾಪಸ್ ಬರೋರು ಎಷ್ಟು ಅನ್ನೋದನ್ನೂ ನೋಡಿ. ನಿಮ್ ಪತ್ರದಲ್ಲಿ ಉದ್ದದ ವಿಡಿಯೋಗೆ ಬರೋ ಕಾಮೆಂಟ್ ಅರ್ಧ ಆಗಿದೆ ಅಂತ ಒಂದು ಸಾಲು ಬರ್ದು ಹಂಗೇ ಮುಂದಕ್ಕೆ ಹೋಗ್ಬಿಟ್ಟಿದೀರ, ನಂಗೆ ಆ ಸಾಲೇ ಮುಖ್ಯ ಅನ್ಸುತ್ತೆ. ಉದ್ದದ ವಿಡಿಯೋ ಪಕ್ಕ ಬರೋ ಜಾಹೀರಾತಲ್ಲಿ ನಿಮಗೆ ಸಿಗೋ ಪಾಲು 55%, ಶಾರ್ಟ್ಸಲ್ಲಿ ನಿಮ್ ಲೆಕ್ಕಕ್ಕೆ ಬಂದಿದ್ರಲ್ಲಿ 45%. ಅಂದ್ರೆ ಜಾಸ್ತಿ ಕೊಡೋ ಹಸು ಹಾಲು ಕಮ್ಮಿ ಮಾಡಿದೆ, ನೀವು ಕರು ಕುಣೀತಿರೋದು ನೋಡ್ಕೊಂಡು ಖುಷಿ ಪಡ್ತಿದೀರ.

ಸರಿ, ಈಗ ಭಾಷೆ ವಿಷಯ. ಇಲ್ಲಿ ಎಲ್ರೂ ಹೇಳೋ ಥರ ‘ನಮ್ಮ ಭಾಷೆ ನಮ್ಮ ಹೆಮ್ಮೆ’ ಅಂತ ನಾನು ಹೇಳಲ್ಲ. ನಂದು ಕಸುಬಿನ ಕಾರಣ. ನಿಮ್ಮ ಹಳೇ ಹಿಟ್ಟಿನ ವಿಡಿಯೋದಲ್ಲಿ ಅಜ್ಜಿ ಏನ್ ಹೇಳ್ತಾರೆ ಅಂದ್ರೆ, ‘ಈಗ್ಲೇ ತೊಳುಸ್ಬ್ಯಾಡ, ಒಸಿ ಬೇಯಕ್ಕೆ ಬುಡು, ಆಮೇಕೆ ಕೋಲ್ನ ಪಾತ್ರೆ ಅಂಚ್ಗೆ ಒತ್ತಿ ಒತ್ತಿ ತೊಳುಸು, ಗಂಟು ಅಲ್ಲೇ ಅವಿತ್ಕೊಂಡಿರ್ತದೆ’. ಅದೇ ಅಡುಗೆ ಹೊಸ ವಿಡಿಯೋದಲ್ಲಿ ನೀವು ಹೇಳೋದು, ‘ಫ್ರೆಂಡ್ಸ್, ಈಗ ಇದನ್ನ ಚೆನ್ನಾಗಿ ಮಿಕ್ಸ್ ಮಾಡ್ಕೊಳ್ಳೋಣ’. ‘ಒಸಿ’ ಹೋಗಿ ‘ಸ್ವಲ್ಪ’ ಬಂದಿದ್ರೆ ನಂಗೇನೂ ಬೇಜಾರಿರ್ಲಿಲ್ಲ. ಆದ್ರೆ ಪದದ ಜೊತೆ ವಿಷಯಾನೂ ಹೋಗಿದೆಯಲ್ಲಮ್ಮ. ಗಂಟು ಎಲ್ಲಿರುತ್ತೆ, ಕೋಲು ಎಲ್ಲಿಗೆ ಒತ್ತಬೇಕು, ಎಷ್ಟೊತ್ತು ಕೈ ಹಾಕ್ದೆ ಸುಮ್ನಿರ್ಬೇಕು, ಮೂರೂ ಮಾಯ. ಬೆಂಗ್ಳೂರಲ್ಲಿ ಮೊದಲ್ನೇ ಸಲ ಮುದ್ದೆ ಮಾಡ್ತಿರೋ ಹುಡುಗಂಗೆ ಬೇಕಾಗಿರೋದು ಆ ಮೂರೇ. ನೀಟ್ ಕನ್ನಡದಲ್ಲೂ ಅದನ್ನ ಹೇಳ್ಬೋದಿತ್ತು, ಹೇಳ್ಲಿಲ್ಲ, ಯಾಕಂದ್ರೆ ನಿಮ್ ಗಮನ ಎಲ್ಲಾ ‘ಐತೆ’ ಬಂದ್ಬುಡುತ್ತೇನೋ ಅನ್ನೋ ಭಯದ ಮೇಲಿತ್ತು, ಪಾತ್ರೆ ಮೇಲಿರ್ಲಿಲ್ಲ.

ನನ್ ಪ್ರಕಾರ ತನ್ನತನ ಅನ್ನೋದು ಅಲ್ಲಿರೋದು. ನಿಮ್ ಮಾತಿನ ಧಾಟಿ, ಸೀರೆ, ನಗು, ಇವೆಲ್ಲ ಹೊರಗಿನ ಗುರುತು ಅಷ್ಟೇ. ನಿಮ್ ಕಣ್ಣಿಗೆ ಏನು ಬೀಳುತ್ತೆ, ಬೇರೆಯೋರು ದಾಟ್ಕೊಂಡು ಹೋಗೋ ಕಡೆ ನೀವು ಎಲ್ಲಿ ನಿಂತ್ಕೋತೀರ, ಅದು ನಿಮ್ದು. ಹಳೇ ಬಸ್ಸಾರು ವಿಡಿಯೋದಲ್ಲಿ ಕಾಳು ಬೇಯ್ಸಿದ ನೀರು ಬಸಿವಾಗ ಒಂದು ನಿಮಿಷ ಮಾತೇ ಆಡ್ದೆ ಆ ನೀರಿನ ಬಣ್ಣ ತೋರ್ಸಿದೀರಲ್ಲ, ಅಜ್ಜಿ ಪಕ್ಕದಲ್ಲಿ ‘ಇದೇ ಸಾರು, ಚೆಲ್ಬುಟ್ಟಿಯೆ’ ಅಂತಾರಲ್ಲ, ಆ ಒಂದು ನಿಮಿಷ ಬೇರೆ ಯಾವ ಅಡುಗೆ ಚಾನೆಲಲ್ಲೂ ನಾನು ನೋಡಿಲ್ಲ. ಹೊಸ ಬಸ್ಸಾರು ವಿಡಿಯೋದಲ್ಲಿ ಆ ಜಾಗಕ್ಕೆ ಟ್ರೆಂಡಿಂಗ್ ಮ್ಯೂಸಿಕ್ಕು, ಫಾಸ್ಟ್ ಫಾರ್ವರ್ಡು.

ಆದ್ರೆ ಒಂದು ಎಚ್ಚರಿಕೆ. ಇದನ್ನ ಓದಿ ನಾಳೆಯಿಂದ ಪ್ರತಿ ಮಾತಿಗೂ ‘ಕಣ್ಲಾ’ ‘ಬುಡ್ಲಾ’ ಸೇರ್ಸಕ್ಕೆ ಹೋಗ್ಬೇಡಿ ದಯವಿಟ್ಟು. ಮಂಡ್ಯ ಭಾಷೆ ಅಂದ್ರೆ ನಗೋಕೆ ಅಂತ ಜನಕ್ಕೆ ಅಭ್ಯಾಸ ಆಗೋಗಿದೆ, ಅದನ್ನ ಜಾಸ್ತಿ ಮಾಡಿ ಮಾರ್ಕೊಳೋರೂ ಇದಾರೆ, ಮನೇಲಿ ಒಂಥರಾ ಮಾತಾಡ್ತಾರೆ, ಕ್ಯಾಮೆರಾ ಆನ್ ಆದ ತಕ್ಷಣ ಇನ್ನೂ ನಾಲ್ಕು ಪಟ್ಟು ಹಳ್ಳಿಯೋರಾಗ್ತಾರೆ. ಅದೂ ವೇಷಾನೇ. ನೀವು ಡಿಗ್ರಿ ಓದ್ದೋರು, ಮಂಡ್ಯ ಬ್ಯಾಂಕಲ್ಲಿ ಮಾತಾಡುವಾಗ ‘ಸ್ವಲ್ಪ ನೋಡಿ ಸರ್’ ಅಂತಾನೇ ಅಂತೀರ, ಅದೂ ನೀವೇ. ಅಜ್ಜಿ ಜೊತೆ ‘ಒಸಿ’, ನೋಡೋರ ಜೊತೆ ‘ಸ್ವಲ್ಪ’, ಎರಡೂ ಒಂದೇ ವಿಡಿಯೋದಲ್ಲಿ ಬಂದ್ರೆ ಆಕಾಶ ಏನೂ ಬೀಳಲ್ಲ. ನಾಲ್ಗೆ ಎತ್ಲಾಗೆ ಹೋಗುತ್ತೋ ಹೋಗ್ಲಿ.

ಬಗ್ಗಬೇಕಾದ ಕಡೆ ಬಗ್ಗಿ, ಅದ್ರಲ್ಲಿ ಅವಮಾನ ಇಲ್ಲ. ಬಾಯಲ್ಲಿ ‘ಹಿಟ್ಟು’ ಅನ್ನಿ, ಟೈಟಲಲ್ಲಿ ‘ರಾಗಿ ಮುದ್ದೆ’ ಅಂತ ಬರೀರಿ, ಯಾಕಂದ್ರೆ ಹುಡುಕೋರು ಹಂಗೇ ಟೈಪ್ ಮಾಡೋದು, ನಮ್ ಕಡೆಯಿಂದ ಆಚೆ ತುಂಬಾ ಜನಕ್ಕೆ ಹಿಟ್ಟು ಅಂದ್ರೆ ದೋಸೆ ಹಿಟ್ಟು. ಸಬ್‌ಟೈಟಲ್ ಹಾಕಿ. ಒಂದು ಸಾಧಾರಣ ಕಾಲರ್ ಮೈಕ್ ತಗೊಳ್ಳಿ, ನಿಮ್ ಒಲೆ ಸದ್ದಲ್ಲಿ ಅಜ್ಜಿ ಮಾತು ಅರ್ಧ ಕೇಳ್ಸಲ್ಲ. ಮೊದಲ ಹತ್ತು ಸೆಕೆಂಡಲ್ಲಿ ‘ಎಲ್ರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ’ ಅನ್ನೋದು ಬಿಡಿ. ಇವೆಲ್ಲ ಮನೆ ಬಾಗ್ಲಿಗೆ ಬಣ್ಣ ಹೊಡ್ಸಿದಂಗೆ, ಒಳಗಿರೋರು ಬದಲಾಗಲ್ಲ. ಅಡುಗೆಮನೆ ಗೋಡೆಗೆ ಇಟ್ಟಿಗೆ ಡಿಸೈನ್ ವಾಲ್‌ಪೇಪರ್ ಅಂಟಿಸಿದೀರಲ್ಲ, ಅದನ್ನ ಮಾತ್ರ ಕಿತ್ತಾಕಿ, ಮಸಿ ಹಿಡ್ದ ಗೋಡೇನೇ ಚೆನ್ನಾಗಿತ್ತು. ಸ್ಟುಡಿಯೋ ಇಲ್ಲ ಅಂತ ನಾಚ್ಕೊಬೇಡಿ. ನಮ್ ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಒಂಟಿಕೊಪ್ಪಲ್ ಕಡೆ ಇದ್ದ ತಮ್ಮ ಮನೆಯಿಂದಾನೇ ರೇಡಿಯೋ ಶುರು ಮಾಡಿದ್ರು. ಆ ಮನೆ ರೇಡಿಯೋದ ‘ಆಕಾಶವಾಣಿ’ ಅನ್ನೋ ಹೆಸ್ರೇ ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. (ಇದನ್ನ ಮೈಸೂರಿನೋರು ಸಿಕ್ಕಿದ್ ಕಡೆ ಎಲ್ಲಾ ಹೇಳ್ತೀವಿ, ಬೈಕೋಬೇಡಿ.)

ಎಐ ವಾಯ್ಸ್ ಹಾಕ್ಲಾ ಅಂತ ಕೊನೇಲಿ ಕೇಳಿದೀರ. ಬೇಡ. ನೀತಿ ಮಾತು ಅಲ್ಲ, ವ್ಯವಹಾರದ ಮಾತು. 2025ರ ಜುಲೈ 15ರಿಂದ ಯೂಟ್ಯೂಬ್‌ನೋರು ‘ಒಂದೇ ಅಚ್ಚಲ್ಲಿ ರಾಶಿ ರಾಶಿ ಮಾಡಿ ಹಾಕೋ’ ವಿಡಿಯೋಗಳ ನಿಯಮಕ್ಕೆ ‘ಅಸಲಿಯಲ್ಲದ ಕಂಟೆಂಟ್’ ಅಂತ ಹೊಸ ಹೆಸ್ರಿಟ್ಟು ಬಿಡಿಸಿ ಬರ್ದಿದಾರೆ, ಅಂಥದ್ದಕ್ಕೆ ಜಾಹೀರಾತು ದುಡ್ಡು ಸಿಗಲ್ಲ. ಎಐ ಬಳಸಿದ್ರೇ ತಪ್ಪು ಅಂತ ಅವ್ರು ಹೇಳಿಲ್ಲ. ಆದ್ರೆ ಅಜ್ಜಿ ಧ್ವನಿ ಮನೇಲಿ ಪುಕ್ಕಟೆ ಸಿಗ್ತಿರುವಾಗ ಬಾಡಿಗೆ ಧ್ವನಿ ಯಾಕೆ ಅನ್ನೋದು ನನ್ ಪ್ರಶ್ನೆ.

ಇನ್ನು ಬೆಲ್ಲದ ಪುಡಿ. ಇದ್ರ ಬಗ್ಗೆ ನಾನು ಮೆತ್ತಗೆ ಮಾತಾಡಲ್ಲ. ನಿಮ್ದೇ ಆಲೆಮನೆ ವಿಡಿಯೋದಲ್ಲಿ ಆ ಆಲೆಮನೆ ಯಜಮಾನ್ರು ಕೊಪ್ಪರಿಗೆ ಪಕ್ಕ ನಿಂತು ಎಷ್ಟು ನೇರವಾಗಿ ಹೇಳಿದಾರೆ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದು ಮಾಡಿದ ಬೆಲ್ಲ ಕಪ್ಪಗೆ ಬರುತ್ತೆ, ಮಂಡೀಲಿ ಕೇಳೋರು ಹಳದಿ ಬೆಲ್ಲ, ಅದಕ್ಕೇ ಬಣ್ಣ ತಿಳಿ ಮಾಡೋ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಾರೆ, ರುಚಿ ಗೊತ್ತಿರೋರು ಕಪ್ಪು ಬೆಲ್ಲಾನೇ ಹುಡುಕ್ಕೊಂಡು ಬರ್ತಾರೆ ಅಂತ. ಆ ವಿಡಿಯೋ ನೋಡಿ ನಿಮ್ ಚಾನೆಲ್ ಸೇರಿರೋ ಜನ ಎಷ್ಟಿದಾರೋ. ಈಗ ಅದೇ ಚಾನೆಲಲ್ಲಿ ಅದೇ ಅಜ್ಜಿ ಪ್ಯಾಕೆಟ್ ಹರಿದು ಹೊಂಬಣ್ಣದ ಪುಡಿ ಸುರಿದು ‘ಇದನ್ನೇ ಬಳಸೋದು’ ಅಂದ್ರೆ ಜನ ಆ ಯಜಮಾನ್ರ ಮಾತು ಮರೆತಿರ್ತಾರೆ ಅನ್ಕೊಂಡ್ರಾ? ಆ ಪುಡಿ ಒಳ್ಳೇದೇ ಇರ್ಬೋದು, ನಾನು ತಿಂದಿಲ್ಲ. ಅಜ್ಜಿನೂ ತಿಂದಿಲ್ಲ, ಅದೇ ತೊಂದ್ರೆ.

ಕಾನೂನೂ ಇಲ್ಲಿ ನಿಮ್ ಅಜ್ಜಿ ಕಡೇನೇ ಇದೆ. 2023ರ ಜನವರೀಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಾನೇ ಮಾರ್ಗಸೂಚಿ ಕೊಟ್ಟಿದೆ, ದುಡ್ಡು ಅಥವಾ ಉಡುಗೊರೆ ತಗೊಂಡಿದ್ರೆ ಅದನ್ನ ಜನಕ್ಕೆ ಕಾಣೋ ಹಂಗೆ ಹೇಳ್ಬೇಕು, ತಾನು ಬಳಸಿ ನೋಡಿರೋ ವಸ್ತುವನ್ನೇ ಹೇಳ್ಬೇಕು ಅಂತ. 2019ರ ಗ್ರಾಹಕ ರಕ್ಷಣಾ ಕಾಯ್ದೇಲಿ ಸುಳ್ಳು ಜಾಹೀರಾತಿಗೆ ಮುಖ ಕೊಟ್ಟೋರ್ಗೂ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಹಳ್ಳಿ ಚಾನೆಲ್‌ನ ಯಾರು ಕೇಳ್ತಾರೆ ಅಂತ ಕಂಪ್ನಿಯೋರು ಸಮಾಧಾನ ಮಾಡ್ಬೋದು, ಆದ್ರೆ ‘ನಮ್ಮಜ್ಜಿ’ ಅಂತ ಹೇಳಿರೋ ಬಾಯಿ ನಿಮ್ದು.

ಹಂಗಂತ ಬ್ರ್ಯಾಂಡ್ ಕೆಲ್ಸಾನೇ ಬೇಡ ಅಂತಲ್ಲ. ವಾಪಸ್ ಬರೀರಿ, ‘ಒಂದು ತಿಂಗ್ಳು ಮನೇಲಿ ಬಳಸಿ ನೋಡ್ತೀವಿ, ಮಾತು ನಮ್ದೇ ಇರುತ್ತೆ, ಅಜ್ಜಿ ಹೆಸ್ರು ಬಳಸಲ್ಲ, ಜಾಹೀರಾತು ಅಂತ ಮೊದ್ಲೇ ಹೇಳ್ತೀವಿ’ ಅಂತ. ಒಪ್ಪಿದ್ರೆ ಮಾಡಿ. ಅವ್ರು ಕಳ್ಸಿರೋ ಅಗ್ರಿಮೆಂಟಲ್ಲಿ ಎರಡು ಸಾಲು ಗಟ್ಟಿಯಾಗಿ ಓದಿ, ನಿಮ್ ವಿಡಿಯೋ ತುಣುಕನ್ನ ಅವ್ರು ಎಷ್ಟು ದಿನ ಎಲ್ಲೆಲ್ಲಿ ಬಳಸ್ಬೋದು ಅನ್ನೋದು, ಬೇರೆ ಬೆಲ್ಲದ ಬಗ್ಗೆ ನೀವು ಮಾತಾಡ್ಬಾರ್ದು ಅನ್ನೋ ಷರತ್ತು. ಈ ಎರಡನೇದಕ್ಕೆ ಸೈನ್ ಹಾಕಿದ್ರೆ ನಾಳೆ ನಿಮ್ಮೂರಿನ ಆಲೆಮನೆಗೇ ಕ್ಯಾಮೆರಾ ತಗೊಂಡು ಹೋಗೋ ಹಂಗಿರಲ್ಲ, ಮಂಡ್ಯ ಜಿಲ್ಲೇಲಿ ಹುಟ್ಟಿ ಬೆಲ್ಲದ ಬಗ್ಗೆ ಬಾಯಿ ಮುಚ್ಕೊಂಡಿರೋದು ಅಂದ್ರೆ ಏನು ಕರ್ಮ! ನೀವು ಗಾರ್ಮೆಂಟ್ಸ್ ಆಫೀಸಲ್ಲಿ ಇನ್ನೂ ಕೆಲ್ಸ ಬಿಟ್ಟಿಲ್ಲ ಅಂತ ಬರ್ದಿದೀರ, ಒಳ್ಳೇದಾಯ್ತು, ಬಿಡ್ಲೂ ಬೇಡಿ ಸದ್ಯಕ್ಕೆ. ಬೇಡ ಅನ್ನೋಕೆ ಧೈರ್ಯ ಬರೋದು ಮನೇಲಿ ರಾಗಿ ಇದ್ದಾಗ.

ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ನಂಗೂ ಒಂದು ಚಾನೆಲ್ ಇತ್ತು, ಮೈಸೂರಿನ ಹಳೇ ಜಾಗಗಳ ಬಗ್ಗೆ. ಒಂದು ಗರಡಿಮನೆಗೆ ಹೋಗಿದ್ದೆ, ಉಸ್ತಾದ್ರು ಬೆಳಗಿನ ಜಾವ ಐದು ಗಂಟೆಗೇ ಒಳಗೆ ಬಿಟ್ಕೊಂಡು, ಕುಸ್ತಿ ಆಡೋ ಮಟ್ಟಿ ಮಣ್ಣು ಹೆಂಗೆ ಹದ ಮಾಡ್ತಾರೆ, ಗದೆ ಹೆಂಗೆ ತಿರುಗಿಸ್ತಾರೆ ಎಲ್ಲ ತಾಳ್ಮೆಯಿಂದ ತೋರ್ಸಿದ್ರು. ನಾನು ಮನೆಗೆ ಬಂದು ಹಾಕಿದ ಟೈಟಲ್ಲು ‘ಈ ಗರಡಿಯ ರಹಸ್ಯ ಕೇಳಿದ್ರೆ ಶಾಕ್ ಆಗ್ತೀರ’. ರಹಸ್ಯಾನೂ ಇಲ್ಲ, ಶಾಕೂ ಇಲ್ಲ. ಥಂಬ್‌ನೇಲಲ್ಲಿ ಬಾಯಿ ಬಿಟ್ಕೊಂಡಿರೋ ನನ್ ಮುಖ ದೊಡ್ಡದಾಗಿ, ಉಸ್ತಾದ್ರು ಹಿಂದೆ ಮಸುಕಾಗಿ. ಚೆನ್ನಾಗೇ ಓಡ್ತು. ಮುಂದಿನ ದಸರಾ ಕುಸ್ತಿ ಟೈಮಲ್ಲಿ ಮತ್ತೆ ಹೋದೆ. ಅವ್ರು ಬೈಲಿಲ್ಲ, ‘ಬಾಪ್ಪ, ಕೂತ್ಕೊ, ಕಾಫಿ ಕುಡಿ’ ಅಂದ್ರು, ಕುಡಿದ್ಮೇಲೆ ‘ಕ್ಯಾಮೆರಾ ಮಾತ್ರ ಬ್ಯಾಗಲ್ಲೇ ಇರ್ಲಿ’ ಅಂದ್ರು. ಅದಾದ್ಮೇಲೆ ಎರಡು ಮೂರು ವಿಡಿಯೋ ಹಾಕ್ದೆ, ಆಮೇಲೆ ನನ್ ಚಾನೆಲ್ ಅಲ್ಲಿಗೇ ನಿಂತೋಯ್ತು, ಬೇರೆಯೋರ್ದು ಎಡಿಟ್ ಮಾಡ್ಕೊಂಡಿದೀನಿ.

ಈ ಕಥೆ ಯಾಕೆ ಹೇಳ್ದೆ ಅಂದ್ರೆ ನಿಮ್ ಅಜ್ಜಿ ಕ್ಯಾಮೆರಾ ಕಂಡ್ರೆ ಒಳಗೆ ಹೋಗೋದಕ್ಕೂ ನಾಚಿಕೆ ಕಾರಣ ಅಂತ ನಂಗನ್ಸಲ್ಲ. ನಿಮ್ ಹೊಸ ವಿಡಿಯೋಗಳನ್ನ ಎಡಿಟರ್ ಕಣ್ಣಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಅಜ್ಜಿ ಒಂದೇ ಮಾತನ್ನ ಎರಡು ಮೂರು ಸಲ ಹೇಳಿರೋದು, ಚೆನ್ನಾಗಿ ಬಂದಿರೋದನ್ನ ನೀವು ಇಟ್ಕೊಂಡಿರೋದು. ಒಂದು ಕಡೆ ಕಟ್ ಮಾಡೋದು ಮರ್ತು ‘ಇನ್ನೊಂದ್ಸಲ ನಗಜ್ಜಿ’ ಅನ್ನೋ ನಿಮ್ ಧ್ವನಿ ಹಂಗೇ ಉಳಿದಿದೆ. ಮೊದ್ಲು ಅಜ್ಜಿ ಸಾರು ಮಾಡ್ತಿದ್ರು, ನೀವು ಶೂಟ್ ಮಾಡ್ತಿದ್ರಿ. ಈಗ ನೀವು ಶೂಟ್ ಮಾಡ್ತೀರ ಅಂತ ಅಜ್ಜಿ ಸಾರು ಮಾಡ್ಬೇಕು. ಎಪ್ಪತ್ತು ದಾಟಿದ ಜೀವಕ್ಕೆ ಅದು ಕೂಲಿ ಥರ ಆಗೋಗಿದೆ, ಕೂಲೀನೂ ಇಲ್ಲ. ನೀವು ನಿಮ್ ತನ್ನತನದ ಬಗ್ಗೆ ಇಷ್ಟುದ್ದ ಕೇಳಿದೀರ, ಆ ಚಾನೆಲ್‌ನಲ್ಲಿ ಜನ ನೋಡಕ್ಕೆ ಬರೋದ್ರಲ್ಲಿ ಅರ್ಧ ಅಜ್ಜಿ ತನ್ನತನ ಕಣಮ್ಮ, ಅದನ್ನ ಅವ್ರನ್ನ ಕೇಳ್ದೆ ಖರ್ಚು ಮಾಡಂಗಿಲ್ಲ. ಎರಡು ತಿಂಗ್ಳು ಅವ್ರನ್ನ ಬಿಟ್ಬಿಡಿ. ನೀವೇ ಮಾಡಿ, ಹಿಟ್ಟು ಗಂಟಾದ್ರೆ ಗಂಟಾಗಿರೋದನ್ನೇ ತೋರ್ಸಿ, ಒಳಗಿಂದ ಅಜ್ಜಿ ‘ಅಯ್ಯೋ, ಅದ್ಯಾಕಂಗ್ ತೊಳುಸ್ತಿಯೇ’ ಅಂತ ಕೂಗಿದ್ರೆ ಕೂಗಿಸ್ಕೊಳ್ಳಿ, ಬರೋ ಮನಸ್ಸಾದ್ರೆ ಅವ್ರೇ ಎದ್ದು ಬರ್ತಾರೆ. ಬರ್ಲಿಲ್ಲಾಂದ್ರೆ ಚಾನೆಲ್ ನಿಮ್ದೊಬ್ಬರ್ದೇ ಅಂತ ಇಟ್ಕೊಳ್ಳಿ. ಬರೋ ದುಡ್ಡಲ್ಲಿ ತಿಂಗ್ಳು ತಿಂಗ್ಳು ಇಷ್ಟು ಅಂತ ಅವ್ರ ಕೈಗೆ ಕೊಡ್ತಿದೀರಾ? ಪತ್ರದಲ್ಲಿ ಬರ್ದಿಲ್ಲ, ಅದಕ್ಕೇ ಕೇಳ್ದೆ. ಕೊಡಿ.

ವ್ಯೂಸ್ ಬೀಳುತ್ತಾ ಅಂದ್ರೆ, ಶಾರ್ಟ್ಸ್ ಕಮ್ಮಿ ಮಾಡಿದ್ರೆ ಆ ದೊಡ್ಡ ನಂಬರ್ ಬೀಳುತ್ತೆ, ಸುಳ್ಳು ಹೇಳಲ್ಲ. ಮೊದಲ ತಿಂಗ್ಳು ರಾತ್ರಿ ಎದ್ದೆದ್ದು ಫೋನ್ ನೋಡ್ತೀರ. ನಂಗೆ ಗೊತ್ತಿರೋರಲ್ಲಿ ಇದನ್ನ ಮಾಡ್ದೋರು ಇಬ್ರು, ಒಬ್ರಿಗೆ ಆರೇಳು ತಿಂಗ್ಳಲ್ಲಿ ಉದ್ದದ ವಿಡಿಯೋ ಎದ್ದು ನಿಂತು ಮುಂಚಿಗಿಂತ ಜಾಸ್ತಿ ಬರ್ತಿದೆ, ಇನ್ನೊಬ್ರಿಗೆ ಬರ್ಲಿಲ್ಲ, ಅವ್ರು ಈಗ ತಿಂಗಳಿಗೊಂದು ವಿಡಿಯೋ ಹಾಕ್ಕೊಂಡು ಅಂಗಡಿ ನೋಡ್ಕೊಂಡು ಆರಾಮಾಗಿದಾರೆ. ನಿಮ್ದು ಯಾವ ಕಡೆ ಹೋಗುತ್ತೋ ನಾನು ಭವಿಷ್ಯ ಹೇಳಲ್ಲ, ಅದಕ್ಕೆ ನನ್ ಇನ್ನೊಬ್ಬ ಗಿರಾಕಿ ಇದಾರೆ, ಮೇಲೆ ಹೇಳಿದ್ನಲ್ಲ.

ಈಗ ಮಾಡೋ ಕೆಲ್ಸ ಒಂದಿದೆ. ಆ ಆಲೆಮನೆ ವಿಡಿಯೋದ ಕಟ್ ಮಾಡ್ದೆ ಇರೋ ಒರಿಜಿನಲ್ ಫೈಲ್ ನಿಮ್ ಹತ್ರ ಇದ್ರೆ ಹುಡುಕಿ. ಹಾಕಿರೋ ವಿಡಿಯೋದಲ್ಲಿ ಸುಮಾರು ಏಳನೇ ನಿಮಿಷದಲ್ಲಿ ಅಜ್ಜಿ ಕೊಪ್ಪರಿಗೆ ಕಡೆ ಬಗ್ಗಿ, ಪಾಕ ಗುಳುಗುಳು ಅಂತ ಏಳೋದನ್ನ ನೋಡಿ ‘ಇನ್ನೂ ಒಸಿ ತಡಿ, ಈಗಿನ್ನೂ...’ ಅಂತ ಒಂದು ಪದ ಅಂತಾರೆ, ಅದೇ ಹೊತ್ತಿಗೆ ಹಿಂದೆ ಗಾಣದ ಮಿಷನ್ ಜೋರಾಗಿ ಸದ್ದು ಮಾಡಿ ಆ ಪದ ಮುಳುಗೋಗುತ್ತೆ. ಹೆಡ್‌ಫೋನ್ ಹಾಕಿ ಹತ್ತು ಸಲ ಕೇಳ್ದೆ, ಸದ್ದು ಕಮ್ಮಿ ಮಾಡೋ ಸಾಫ್ಟ್‌ವೇರಲ್ಲೂ ಹಾಕಿ ನೋಡ್ದೆ, ಸಿಗ್ಲಿಲ್ಲ. ಉಂಡೆ ಹದಕ್ಕೂ ಮುಂಚಿನ ಹದಕ್ಕೆ ನಿಮ್ ಕಡೆ ಏನೋ ಹೆಸ್ರಿದೆ ಅನ್ಸುತ್ತೆ. ಸಂಜೆ ಕಡೆ ಸುಮ್ನೆ ಜಗಲಿ ಮೇಲೆ ಕೂತಿರುವಾಗ, ಫೋನ್ ಒಳಗೆ ಇಟ್ಟು ಬಂದು, ಅಜ್ಜೀನ ಕೇಳಿ ನಂಗೆ ಬರ್ದು ಕಳ್ಸಿ.